ಹತ್ತು ತಿಂಗಳ ಸಂಬಳ, ಹನ್ನೆರಡು ತಿಂಗಳ ಸಂಸಾರ

ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಆಯಮ್ಮ, ಅಟೆಂಡರ್, ವ್ಯಾನ್ ಡ್ಯೂಟಿ, ಹೌಸ್‌ಕೀಪಿಂಗ್ ಅಂತ ಹೆಸರು ಬೇರೆ ಬೇರೆ ಇರುತ್ತದೆ. ಸಂಬಳ ಮಾತ್ರ ಹೆಚ್ಚುಕಮ್ಮಿ ಒಂದೇ. ಅದು ಸಾಲುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ನಾನು ನೋಡಿದ ಹಾಗೆ, ತಿಂಗಳ ಖರ್ಚನ್ನು ಹೇಗೋ ತೂಗಿಸಿಕೊಂಡು ಹೋಗುವವರೂ ಸಾಲಕ್ಕೆ ಬೀಳುವುದು ಬೇಸಿಗೆ ರಜೆಯಲ್ಲಿ. ವರ್ಷಕ್ಕೆ ಹತ್ತೇ ತಿಂಗಳ ಸಂಬಳ ಕೊಡುವ ಕಡೆ ಕೆಲಸ ಮಾಡುವವರು ಮೊದಲು ಆ ಎರಡು ತಿಂಗಳಿಗೆ ದಾರಿ ಮಾಡಿಕೊಳ್ಳಬೇಕು, ಆಮೇಲೆ ಅಕ್ಕಿ ಬೇಳೆ. ನಾನು ಇಟ್ಟುಕೊಂಡಿರುವ ಲೆಕ್ಕ ಇದು. ಒಬ್ಬ ತಾಯಿ, ಶಾಲೆಗೆ ಹೋಗುವ ಒಂದು ಮಗು, ಸಂಬಳ 13,000.

ಪೂರ್ತಿ 13,000ದ ಮೇಲೆ ಪಿಎಫ್ ಹಿಡಿದರೆ ಶೇ. 12ರಂತೆ 1,560 ಹೋಗುತ್ತದೆ. ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆಗೆ, ಶೇ. 0.75ರಂತೆ 98. ಈ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ಕೈಗೆ ಬರುವುದು 11,342. ಇದನ್ನು ಹತ್ತರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ ಸುಮಾರು 9,450. ತಿಂಗಳಿಗೆ ಖರ್ಚು ಮಾಡಬಹುದಾದ ದುಡ್ಡು ಇಷ್ಟೇ. ಬ್ಯಾಂಕಿನಿಂದ ಬರುವ ಮೆಸೇಜಿನಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಕಂಡರೂ ನಮ್ಮದು ಒಂಬತ್ತೂವರೆ ಸಾವಿರದ ಸಂಸಾರ. ಉಳಿದ 1,900ಕ್ಕೆ ನಾನು ಬ್ಯಾಂಕಿನಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ, ಮಾಡುತ್ತೇನೆ.

ತಪ್ಪುವುದು ತಾರೀಕಿನಲ್ಲಿ. ಸಂಬಳ ಇಲ್ಲದ್ದು ಏಪ್ರಿಲ್, ಮೇ ಅಂತ ಲೆಕ್ಕ ಹಾಕಿ ಏಪ್ರಿಲ್‌ಗೆ ಮುಗಿಯುವಂತೆ ದುಡ್ಡು ಕಟ್ಟುವವರಿದ್ದಾರೆ. ಆದರೆ ಮಾರ್ಚ್ ಸಂಬಳ ಬರುವುದೇ ಏಪ್ರಿಲ್ 7ರ ಹೊತ್ತಿಗೆ, ಅದರಲ್ಲಿ ಏಪ್ರಿಲ್ ಕಳೆಯುತ್ತದೆ. ಜೂನ್ ಕೆಲಸದ ಸಂಬಳ ಬರುವುದು ಜುಲೈ 7ಕ್ಕೆ. ಕೈ ಖಾಲಿ ಆಗುವುದು ಮೇ ಮತ್ತು ಜೂನ್‌ನಲ್ಲಿ, ಅದೂ ಮಕ್ಕಳ ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗಿ. ಏಪ್ರಿಲ್‌ನಲ್ಲೇ ಕೈಗೆ ಬಂದ ಇಡುಗಂಟು ಮದುವೆ ಮುಯ್ಯಿ, ಊರ ಜಾತ್ರೆ ಅಂತ ಕರಗಿ, ಜೂನ್ ಬಂದಾಗ ಡಬ್ಬಿ ಬರಿದಾಗಿರುತ್ತದೆ.

ಹಾಗಾಗಿ ಜುಲೈ 12ಕ್ಕೆ ಆರ್‌ಡಿ ತೆರೆದು ಏಪ್ರಿಲ್ 12ಕ್ಕೆ ಹತ್ತನೇ ಕಂತು ಕಟ್ಟಿದರೆ ಮೇ 12ಕ್ಕೆ ದುಡ್ಡು ಬರುತ್ತದೆ: ಅಸಲು 19,000, ಶೇ. 6ರ ಆಸುಪಾಸಿನ ಬಡ್ಡಿಯಾದರೆ ಮೇಲೆ ಐನೂರು ಚಿಲ್ಲರೆ. ಮೇ ತಿಂಗಳಿಗೆ ಅರ್ಧ, ಜೂನ್‌ಗೆ ಅರ್ಧ. ಜೂನ್ ಪಾಲನ್ನು ಕೈಗೆ ತರಬಾರದು, ಖಾತೆಯಲ್ಲೇ ಬಿಟ್ಟಿರಬೇಕು. ಕೆಲವು ಬ್ಯಾಂಕುಗಳಲ್ಲಿ ಆರ್‌ಡಿ ಅವಧಿ ಕನಿಷ್ಠ 12 ತಿಂಗಳು, ಅದು ನಮಗೆ ಒಗ್ಗುವುದಿಲ್ಲ. ಅಂಚೆ ಕಚೇರಿಯದು 5 ವರ್ಷದ್ದು, ಅದೂ ಬೇಡ. ಆರು ತಿಂಗಳಿಂದ ಮೇಲೆ ಎಷ್ಟು ತಿಂಗಳಿಗೆ ಬೇಕಾದರೂ ಮಾಡಿಕೊಡುವ ಬ್ಯಾಂಕು ಯಾವುದು ಅಂತ ಕೇಳಿಕೊಂಡು ಹೋಗಿ. ಕಂತಿನ ತಾರೀಕು 12 ಅಂತ ಇಟ್ಟಿರುವುದು ಯಾಕೆಂದರೆ, ಸಂಬಳ 7ರ ಒಳಗೆ ಆಗಬೇಕು ಅಂತ ಕಾನೂನಿದ್ದರೂ ನಾಲ್ಕು ದಿನ ಆಚೀಚೆ ಆಗುವುದುಂಟು. 7ಕ್ಕೇ ಕಂತು ಇಟ್ಟರೆ ಖಾತೆಯಲ್ಲಿ ದುಡ್ಡಿಲ್ಲ ಅಂತ ದಂಡ ಬೀಳುತ್ತದೆ.

ಚೀಟಿ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಹನ್ನೆರಡು ತಿಂಗಳೂ ಸಂಬಳ ಇರುವವರಿಗೆ ಚೀಟಿ ಸರಿ. ನಮಗೆ ಮೇ, ಜೂನ್ ಕಂತು ತಪ್ಪುತ್ತದೆ. ಬೀದಿಯ ಚೀಟಿಯಲ್ಲಿ ಎರಡು ಕಂತು ತಪ್ಪಿದರೆ ದುಡ್ಡಿನ ಜೊತೆ ಮಾನವೂ ಹೋಯಿತು. ವಾರದ ಕಂತಿನ ಸಂಘದ ಸಾಲವೂ ಹಾಗೆಯೇ, ರಜೆ ಅಂತ ಅದು ನಿಲ್ಲುವುದಿಲ್ಲ. ಅದರ ಬಡ್ಡಿಯನ್ನು ಒಮ್ಮೆ ಕೂತು ಲೆಕ್ಕ ಹಾಕಿ. 30,000 ಸಾಲ, ವಾರಕ್ಕೆ 700ರಂತೆ 50 ವಾರ ಕಟ್ಟಿದರೆ ಒಟ್ಟು 35,000. ಐದು ಸಾವಿರ ತಾನೇ, ನೂರಕ್ಕೆ ಹದಿನೇಳು ಅನ್ನಿಸುತ್ತದೆ. ಆದರೆ ಅಸಲು ವಾರವಾರ ತೀರುತ್ತಾ ಬರುವುದರಿಂದ ಸರಾಸರಿ ನಮ್ಮ ಕೈಯಲ್ಲಿದ್ದ ಸಾಲ 15,000 ಮಾತ್ರ. ಅದಕ್ಕೆ 5,000 ಬಡ್ಡಿ ಅಂದರೆ ನೂರಕ್ಕೆ ಮೂವತ್ತಮೂರು. ಮೊದಲೇ ಹಿಡಿದುಕೊಳ್ಳುವ ಪ್ರೊಸೆಸಿಂಗ್ ಫೀಸು, ವಿಮೆ ಬೇರೆ. ಚೂರು ಚಿನ್ನ ಇದ್ದರೆ ಬ್ಯಾಂಕಿನಲ್ಲಿ ಅಡವಿಡುವುದು ಇದಕ್ಕಿಂತ ಎಷ್ಟೋ ವಾಸಿ. ಈಗಾಗಲೇ ಸಾಲದಲ್ಲಿ ಸಿಕ್ಕಿಕೊಂಡವರು ಒಂದು ತಿಳಿದಿರಲಿ: ವಸೂಲಿಗೆ ಬಂದು ಮನೆ ಬಾಗಿಲಲ್ಲಿ ಕಿರುಕುಳ ಕೊಡುವುದು ರಾಜ್ಯದಲ್ಲಿ 2025ರಲ್ಲಿ ಬಂದ ಕಾನೂನಿನಂತೆ ಅಪರಾಧ.

ಇನ್ನು 9,450ರ ವಿಚಾರ. ಬಾಡಿಗೆ 4,000, ನೀರಿಗೆ 200, ಗ್ಯಾಸಿಗೆ ಎತ್ತಿಡುವುದು 400, ಹಾಲಿಗೆ 720, ದಿನಸಿ ತರಕಾರಿಗೆ 2,700, ಸೋಪು ಪೌಡರಿಗೆ 250, ಫೋನಿಗೆ 200, ಔಷಧಿಗೆ 300. ಒಟ್ಟು 8,770. ಉಳಿದ 680 ಕೈಖರ್ಚಿಗೆ. ಫೋನ್ ರೀಚಾರ್ಜು 28 ದಿನದ್ದಾದರೆ ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕಾಗುತ್ತದೆ, ಆ ಹದಿಮೂರನೆಯದೂ ಇದೇ ಕೈಖರ್ಚಿನಿಂದ.

4,000ಕ್ಕೆ ಸಿಗುವುದು ಒಂದು ರೂಮು ಅಡುಗೆಮನೆಯ ಶೀಟ್ ಮನೆ, ಅದೂ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ ಒಳಗಲ್ಲಿಗಳ ಕಡೆ ಹುಡುಕಿದರೆ. ಬಾಡಿಗೆಗಿಂತ ಅಡ್ವಾನ್ಸ್ ನೋಡಿ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಕಡೆ ಬಾಡಿಗೆ ಸಾವಿರ ಹೆಚ್ಚಾದರೆ ಅಡ್ವಾನ್ಸ್ ಹತ್ತು ಸಾವಿರ ಹೆಚ್ಚಾಗುತ್ತದೆ, ನಮ್ಮವರು ಸಾಲಕ್ಕೆ ಕೈ ಹಾಕುವುದು ಹೆಚ್ಚಾಗಿ ಅಲ್ಲೇ. ಮೊದಲಾದರೆ ಶಾಲೆಯ ಹತ್ತಿರವೇ ಮನೆ ಇರಬೇಕಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಪುಕ್ಕಟೆ, ದೂರ ಹೋದಷ್ಟೂ ಬಾಡಿಗೆ ಇಳಿಯುತ್ತದೆ. ಆದರೆ ಏಳೂಕಾಲಿಗೆ ಗೇಟಿನಲ್ಲಿ ಇರಬೇಕಾದವರು ಬೆಳಿಗ್ಗೆಯ ಮೊದಲ ಬಸ್ಸು ಎಷ್ಟು ಹೊತ್ತಿಗೆ ಅಂತ ಸ್ಟಾಪಿನಲ್ಲೇ ನಿಂತು ಎರಡು ದಿನ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ. ಎಸಿ ವಜ್ರದಲ್ಲಿ ಈ ಸೌಲಭ್ಯ ಇಲ್ಲ.

ಮನೆ ನೋಡುವಾಗ ಮೀಟರ್ ಬೋರ್ಡು ನೋಡುವುದನ್ನು ಮರೆಯಬಾರದು. ಪ್ರತ್ಯೇಕ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನಲ್ಲಿರುವ ಮೀಟರಿನ ನಂಬರ್) ಇದ್ದರೆ ಮಾತ್ರ ಬಾಡಿಗೆದಾರರಿಗೆ ಗೃಹಜ್ಯೋತಿಯ ಉಚಿತ ಕರೆಂಟು. ವಠಾರಕ್ಕೆಲ್ಲ ಒಂದೇ ಮೀಟರ್ ಇದ್ದು ಓನರ್ ಸಬ್‌ಮೀಟರ್ ಹಾಕಿದ್ದರೆ ಯೂನಿಟ್ಟಿಗೆ ಅವರು ಹೇಳಿದ್ದೇ ರೇಟು. ಬಾಡಿಗೆ ಮುನ್ನೂರು ಕಮ್ಮಿ ಅಂತ ಅಂಥ ಮನೆಗೆ ಹೋದರೆ ಕರೆಂಟಿನಲ್ಲಿ ಅಷ್ಟೂ ಹೋಗುತ್ತದೆ. ಹಳೇ ಮನೆ ಬಿಡುವಾಗ ಆ ನಂಬರಿನಿಂದ ನಿಮ್ಮ ಆಧಾರ್ ಬಿಡಿಸದಿದ್ದರೆ ಹೊಸ ಮನೆಗೆ ಅರ್ಜಿ ಹೋಗುವುದಿಲ್ಲ.

ಗೃಹಜ್ಯೋತಿ ಅಂದರೆ 200 ಯೂನಿಟ್ ಪುಕ್ಕಟೆ ಅಂತ ತಿಳಿದವರೇ ಜಾಸ್ತಿ. ಆ ಮೀಟರಿನ ಹಿಂದಿನ ಸರಾಸರಿ, ಅದರ ಮೇಲೆ ಸಾಮಾನ್ಯವಾಗಿ ಶೇ. 10, ನಮಗೆ ಉಚಿತ ಅಷ್ಟೇ. ಹಿಂದಿನ ಲೆಕ್ಕ ಇಲ್ಲದ ಹೊಸ ಮೀಟರಿಗೆ 58 ಯೂನಿಟ್. ಮೀರಿದ್ದಕ್ಕೆ ಬಿಲ್ಲು, 200 ದಾಟಿದರೆ ಪೂರ್ತಿಗೂ ಬಿಲ್ಲು. 58ರಲ್ಲಿ ಏನೇನು ನಡೆಯುತ್ತದೆ? 75 ವ್ಯಾಟ್ ಫ್ಯಾನು ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್. 9 ವ್ಯಾಟಿನ ಎರಡು ಬಲ್ಬು ಐದು ಗಂಟೆ ಉರಿದರೂ ಮೂರು ಯೂನಿಟ್ ಆಗುವುದಿಲ್ಲ. ಸಣ್ಣ ಟಿವಿ 6. ನೀರು ಕಾಯಿಸುವ 1,500 ವ್ಯಾಟಿನ ರಾಡು ಮಾತ್ರ ನಲವತ್ತು ನಿಮಿಷಕ್ಕೇ ಒಂದು ಯೂನಿಟ್ ನುಂಗುತ್ತದೆ, ತಿಂಗಳಿಗೆ 30. ಅಲ್ಲಿಗೆ 57! ಇದರ ಮೇಲೆ ಹಳೇ ಫ್ರಿಜ್ಜು ಇಟ್ಟರೆ ಮುಗಿಯಿತು. ರಾಡೋ ಫ್ರಿಜ್ಜೋ, ಒಂದೇ. ನಾನು ರಾಡು ಇಟ್ಟುಕೊಂಡೆ. ಸೊಪ್ಪು ಅಂದಂದಿಗೆ ತರಬಹುದು, ತಣ್ಣೀರಲ್ಲಿ ಮಗುವಿಗೆ ಸ್ನಾನ ಮಾಡಿಸಲಾಗುವುದಿಲ್ಲ.

ಪಡಿತರ ಅಕ್ಕಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಬಿಪಿಎಲ್ ಕಾರ್ಡಿಗೆ ಕುಟುಂಬದ ವರ್ಷದ ಆದಾಯದ ಗೆರೆ 1.2 ಲಕ್ಷ. 13,000ದಂತೆ ಹತ್ತು ತಿಂಗಳಿಗೆ 1.3 ಲಕ್ಷ, ಗೆರೆ ದಾಟಿಯೇ ಬಿಟ್ಟಿತು. ಈ ಸಂಬಳದವರನ್ನು ಬಡವರಲ್ಲ ಅಂತ ಯಾವ ಅಳತೆಯಲ್ಲಿ ಹೇಳುತ್ತಾರೋ! ಗೃಹಲಕ್ಷ್ಮಿಗೆ ಈ ಗೆರೆ ಇಲ್ಲ, ಕಾರ್ಡಿನಲ್ಲಿ ಯಜಮಾನಿ ಅಂತ ಹೆಸರಿದ್ದು ಮನೆಯಲ್ಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಿಲ್ಲದಿದ್ದರೆ ತಿಂಗಳಿಗೆ 2,000. ಆದರೆ ಅದನ್ನು ಬಾಡಿಗೆಗೋ ದಿನಸಿಗೋ ನಂಬಿಕೊಂಡಿರಬೇಡಿ. ಎರಡು ಮೂರು ತಿಂಗಳು ಬಾರದೆ ಆಮೇಲೆ ಒಟ್ಟಿಗೆ ಬರುವುದಿದೆ. ಬಂದಾಗ ಬರಲಿ ಅಂತ ಅದನ್ನು ಬೇರೆ ಖಾತೆಯಲ್ಲಿ ಬಿಟ್ಟಿದ್ದೇನೆ. ಬಟ್ಟೆಬರೆ, ಹಬ್ಬ, ಊರಿಗೆ ಹೋಗಿಬರುವುದು, ಓನರ್ ಬಾಡಿಗೆ ಏರಿಸಿದಾಗ ಕೇಳುವ ಹೆಚ್ಚಿನ ಅಡ್ವಾನ್ಸು ಎಲ್ಲ ಅದರಲ್ಲೇ.

ದಿನಸಿಯಲ್ಲಿ ಉಳಿತಾಯ ಆಗುವುದು ರೇಟಿನಲ್ಲಲ್ಲ, ಒಲೆಯಲ್ಲಿ. ನಮ್ಮ ಕಡೆ ಬಸ್ಸಾರು ಮಾಡುವುದು ಇದಕ್ಕೇ ಅಂತ ಕಾಣುತ್ತದೆ, ಒಂದು ಉರಿಗೆ ಸಾರೂ ಆಯಿತು ಪಲ್ಯವೂ ಆಯಿತು. ರಾತ್ರಿ ಮಲಗುವಾಗ 150 ಗ್ರಾಂ ಹುರುಳಿಕಾಳು ನೆನೆಹಾಕಿ. ಮರುದಿನ ಒಂದು ಲೀಟರ್ ನೀರು, ಉಪ್ಪು ಹಾಕಿ ಕುಕ್ಕರಿನಲ್ಲಿ ಐದಾರು ಕೂಗು. ನೆನೆಸದಿದ್ದರೆ ಇದರ ಎರಡರಷ್ಟು ಹೊತ್ತು ಗ್ಯಾಸು ಉರಿಯುತ್ತದೆ. ಪ್ರೆಷರ್ ಇಳಿದ ಮೇಲೆ ಹೆಚ್ಚಿದ ಎರಡು ಕಟ್ಟು ಸೊಪ್ಪು ಹಾಕಿ ಐದು ನಿಮಿಷ ಬೇಯಿಸಿ ಬಸಿಯಿರಿ. ಬಸಿದ ನೀರಿಗೆ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸ್ವಲ್ಪ ಕಾಯಿ, ಹುಣಸೆಹಣ್ಣು, ಒಂದು ಸೌಟು ಬೆಂದ ಕಾಳು ರುಬ್ಬಿ ಹಾಕಿ ಕುದಿಸಿದರೆ ಸಾರು. ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಎರಡು ಲೋಟ ನೀರಿಗೆ ಒಂದು ಲೋಟ ರಾಗಿಹಿಟ್ಟು, ರಾತ್ರಿಗೆ ಮುದ್ದೆ. ಸಾರು ಮರುದಿನಕ್ಕೆ ಇನ್ನೂ ರುಚಿ, ಬೆಳಿಗ್ಗೆ ಅನ್ನ ಒಂದು ಮಾಡಿದರೆ ಡಬ್ಬಿ ತಯಾರು. ಹೀಗೆ ವಾರಕ್ಕೆ ಮೂರು ದಿನ ನಡೆದರೆ 14.2 ಕೆಜಿ ಸಿಲಿಂಡರ್ ಎರಡೂವರೆ ತಿಂಗಳು ಬರುತ್ತದೆ. ಸೊಪ್ಪನ್ನು ರಾತ್ರಿ ಎಂಟರ ಮೇಲೆ ತಳ್ಳುಗಾಡಿಯವರು ಮನೆಗೆ ಹೊರಡುವ ಹೊತ್ತಿನಲ್ಲಿ ಕೇಳಿ.

ಮಗುವನ್ನು ಓದಿಸುವುದು ಎಲ್ಲಿ? ಕೆಲಸದ ಶಾಲೆಯಲ್ಲೇ ಫೀಸು ಬಿಡುತ್ತಾರೆ ಅಂದಾಗ ಏನು ಬಿಡುತ್ತಾರೆ ಅಂತ ಬಿಡಿಸಿ ಕೇಳಿ. ಸಾಮಾನ್ಯವಾಗಿ ಟ್ಯೂಷನ್ ಫೀಸು ಮಾತ್ರ. ಪುಸ್ತಕ, ಯೂನಿಫಾರ್ಮ್, ವ್ಯಾನು, ಆ್ಯನ್ಯುಯಲ್ ಡೇ ಡ್ರೆಸ್ಸು ನಮ್ಮ ತಲೆಗೇ. ಕೆಲಸ ಬಿಟ್ಟರೆ ಫೀಸಿನ ರಿಯಾಯಿತಿಯೂ ಹೋಗುತ್ತದೆ, ಹಾಗಾಗಿ ಸಂಬಳ ಏರಿಸಿ ಅಂತ ಕೇಳುವ ಬಾಯೂ ಕಟ್ಟಿಹೋಗುತ್ತದೆ. ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಯೂನಿಫಾರ್ಮ್, ಶೂ, ಹಾಲು, ಮೊಟ್ಟೆ, ಬಿಸಿಯೂಟ ಎಲ್ಲ ಅಲ್ಲೇ. ಮೇಲಿನ ಲೆಕ್ಕ ಹೊಂದುವುದು ಮಗು ಸರ್ಕಾರಿ ಶಾಲೆಯಲ್ಲಿದ್ದರೆ ಮಾತ್ರ.

ಸಂಬಳದಲ್ಲಿ ಹಿಡಿದ ಪಿಎಫ್ ನಿಜವಾಗಿ ಕಟ್ಟುತ್ತಿದ್ದಾರಾ ಅನ್ನುವುದನ್ನು ತಿಂಗಳು ತಿಂಗಳೂ ನೋಡಬೇಕು, ಅದರಲ್ಲೂ ಏಜೆನ್ಸಿ ಮೂಲಕ ಸೇರಿದವರು. ಹಿಂದಿನ ತಿಂಗಳದ್ದನ್ನು 15ರ ಒಳಗೆ ಕಟ್ಟಬೇಕು. 20ರ ಸುಮಾರಿಗೆ ಯುಎಎನ್‌ಗೆ (ನಮ್ಮ ಪಿಎಫ್ ನಂಬರಿಗೆ) ಜೋಡಿಸಿದ ಫೋನಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಕಂತು, ಬ್ಯಾಲೆನ್ಸ್ ಮೆಸೇಜಿನಲ್ಲಿ ಬರುತ್ತದೆ. ಪಾಸ್‌ಬುಕ್‌ನಲ್ಲಿ ಮೂರು ಕಲಂ ಇರುತ್ತದೆ: ನಮ್ಮದು 1,560, ಮಾಲೀಕರದ್ದು 477, ಪಿಂಚಣಿಗೆ 1,083. ಮಾಲೀಕರ ಪಾಲು ಕಮ್ಮಿ ಕಂಡಿತೆಂದು ಗಾಬರಿ ಬೇಡ, ಅವರ ಶೇ. 12ರಲ್ಲಿ ಶೇ. 8.33 ಪಿಂಚಣಿಗೆ ಹೋಗಿರುತ್ತದೆ. ಏಜೆನ್ಸಿ ಬದಲಾದಾಗ ಹೊಸ ಯುಎಎನ್ ಮಾಡಿಸಲು ಬಿಡಬೇಡಿ, ಹಳೆಯದನ್ನೇ ಬರೆದುಕೊಡಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಎರಡು ನಂಬರಿನಲ್ಲಿ ಐದೈದು ವರ್ಷ ಬಿದ್ದು ಅವನ್ನು ಕೂಡಿಸದಿದ್ದರೆ ಆ ಹತ್ತು ಆಗುವುದಿಲ್ಲ.

ಇಎಸ್‌ಐ ಇದ್ದೂ ಕ್ಲಿನಿಕ್ಕಿಗೆ ದುಡ್ಡು ಸುರಿಯುವವರು ನಮ್ಮಲ್ಲಿ ಬಹಳ. ಡಿಸ್ಪೆನ್ಸರಿಯಲ್ಲಿ ಕಾಯಬೇಕು, ನಿಜ. ಆದರೆ ಅಲ್ಲಿಂದ ಬರೆಸಿಕೊಂಡು ರಾಜಾಜಿನಗರ, ಇಂದಿರಾನಗರ, ಪೀಣ್ಯದ ಇಎಸ್‌ಐ ಆಸ್ಪತ್ರೆಗೆ ಹೋದರೆ ದೊಡ್ಡ ಖರ್ಚು ತಪ್ಪುತ್ತದೆ. ಜ್ವರ ಬಂದು ರಜೆ ಹಾಕಿ ಸಂಬಳ ಕಡಿತ ಆದರೆ ಸುಮಾರು ಶೇ. 70ರಷ್ಟು ಇಎಸ್‌ಐಯಿಂದ ಸಿಗುತ್ತದೆ, ಮೊದಲ ಎರಡು ದಿನ ಬಿಟ್ಟು. ಇದಕ್ಕೆ ಇಎಸ್‌ಐ ಡಾಕ್ಟರ ಸರ್ಟಿಫಿಕೇಟೇ ಬೇಕು, ಬೀದಿ ಕ್ಲಿನಿಕ್ಕಿನ ಚೀಟಿ ನಡೆಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಎರಡು ಅವಧಿ, ಈ ದುಡ್ಡು ಸಿಗಲು ಒಂದೊಂದರಲ್ಲೂ 78 ದಿನದ ವಂತಿಗೆ ಇರಬೇಕು. ಮೊದಲ ಅವಧಿಯಲ್ಲಿ ನಮಗೆ ಎರಡು ತಿಂಗಳು ಖೋತಾ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ 78 ತುಂಬಬೇಕು. ಸಂಬಳವಿಲ್ಲದ ಉದ್ದನೆಯ ರಜೆ ಹಾಕುವುದಿದ್ದರೆ ಆ ನಾಲ್ಕು ತಿಂಗಳಲ್ಲಿ ಬೇಡ.

ರಜೆಯಲ್ಲಿ ಮದುವೆ ಛತ್ರದ ಕೇಟರಿಂಗ್ ಕೆಲಸ, ಹಪ್ಪಳ ಸಂಡಿಗೆ ಸಿಗುತ್ತದೆ, ಮಾಡಬಹುದು. ಬಂದದ್ದನ್ನು ಲೆಕ್ಕದಲ್ಲಿ ಸೇರಿಸಬಾರದು. ಮೇ ತಿಂಗಳಲ್ಲಿ ಅಡ್ಮಿಷನ್ ಕೆಲಸಕ್ಕೆ, ಕ್ಲೀನಿಂಗಿಗೆ ಅಂತ ಶಾಲೆಯವರು ಕರೆದರೆ ದಿನಕ್ಕೆ ಎಷ್ಟು ಅಂತ ಮೊದಲೇ ಕೇಳಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ. ಸಹಿ ಇಲ್ಲದ ದಿನ ದುಡ್ಡಿಲ್ಲದ ದಿನ.

ಇನ್ನೊಂದು ತಾರೀಕು ನೆನಪಿರಲಿ, ಮೇ 25. ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ, 20 ರೂಪಾಯಿಯ ಸುರಕ್ಷಾ ವಿಮೆ, ಎರಡರ ಕಂತನ್ನೂ ಬ್ಯಾಂಕಿನವರು ಮೇ ಕೊನೆಯ ವಾರದಲ್ಲಿ ಖಾತೆಯಿಂದ ತೆಗೆದುಕೊಳ್ಳುತ್ತಾರೆ. ಸಂಬಳ ಇಲ್ಲದ ತಿಂಗಳು ನೋಡಿ, ಖಾತೆಯಲ್ಲಿ ಹತ್ತು ರೂಪಾಯಿ ಇದ್ದು ಎರಡೆರಡು ಲಕ್ಷದ ವಿಮೆ ಗೊತ್ತಿಲ್ಲದೆ ನಿಂತುಹೋಗಿರುತ್ತದೆ. ಎರಡೂ ಸೇರಿ 456. ಆರ್‌ಡಿಯ ಬಡ್ಡಿ ಹೆಚ್ಚುಕಮ್ಮಿ ಅಷ್ಟೇ ಬರುವುದರಿಂದ ಮೇ 12ಕ್ಕೆ ದುಡ್ಡು ಬಿದ್ದಾಗ ಆ ಬಡ್ಡಿಯನ್ನು ನಾನು ಮುಟ್ಟುವುದಿಲ್ಲ.