ಕಥೆಯ ಹೊರಗಿನ ಕುಣಿತ: ಹಳೆಯ ಹಾಲಿವುಡ್ ಸಂಗೀತಚಿತ್ರಗಳನ್ನು ನೋಡುವ ಕ್ರಮ

ಚಿಕ್ಕಮಗಳೂರಿನ ಮಳೆಗಾಲದಲ್ಲಿ, ಸಂಜೆ ಹೊರಗೆ ಕಾಲಿಡಲಾಗದ ಹೊತ್ತಿನಲ್ಲಿ, ನಾಲ್ಕು ಜನ ಸೇರಿ ಹಳೆಯ ಹಾಲಿವುಡ್ ಸಂಗೀತಚಿತ್ರಗಳನ್ನು ನೋಡುವುದಾದರೆ ಇಡೀ ಚಿತ್ರದಿಂದ ಆರಂಭಿಸಬೇಡಿ. 1930 ಮತ್ತು 40ರ ದಶಕಗಳ ಆ ಚಿತ್ರಗಳಲ್ಲಿ ಕಥೆ ಸಾಮಾನ್ಯವಾಗಿ ತೆಳು. ಸತ್ವವಿರುವುದು ‘ಸ್ಪೆಷಾಲಿಟಿ’ ಎಂದು ಕರೆಯುತ್ತಿದ್ದ ಬಿಡಿ ಕುಣಿತಗಳಲ್ಲಿ. ಕಥೆಯಲ್ಲಿ ಪಾತ್ರವೇ ಇಲ್ಲದ ಕಲಾವಿದರು ಬಂದು, ಕೆಲವೇ ನಿಮಿಷ ಕುಣಿದು ಹೊರಟುಬಿಡುತ್ತಾರೆ. ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದು ಅಪರಿಚಿತವಲ್ಲ; ಪ್ರಸಂಗ ಬಾಯಿಪಾಠವಾಗಿದ್ದರೂ ಒಂದು ವೇಷದ ಪ್ರವೇಶಕ್ಕಾಗಿಯೇ ನಾವು ನಿದ್ದೆಗೆಟ್ಟು ಕೂತಿರುತ್ತೇವೆ.

ಮೊದಲು ಟಿವಿಯನ್ನು ಸರಿಪಡಿಸಿಕೊಳ್ಳಿ. ಆ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3, ನಮ್ಮ ಟಿವಿಗಳದ್ದು 16:9. ಪರದೆ ತುಂಬಲಿ ಎಂದು ನಾನೊಮ್ಮೆ ‘ಜೂಮ್’ ಇಟ್ಟು, ಬಂದ ನೆಂಟರಿಗೆಲ್ಲ ಪಾದವೇ ಕಾಣದ ಟ್ಯಾಪ್ ಕುಣಿತ (ಲೋಹದ ತಗಡು ಹಚ್ಚಿದ ಬೂಟಿನಿಂದ ನೆಲ ತಟ್ಟಿ ತಾಳ ಹೊಮ್ಮಿಸುವ ಕುಣಿತ) ತೋರಿಸಿದ್ದೇನೆ. ಎಡಬಲದಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ. ತಲೆಯಿಂದ ಪಾದದವರೆಗೆ ಇಡೀ ದೇಹ ಕಾಣಬೇಕು, ಶಾಟ್‌ಗಳನ್ನು ಆದಷ್ಟು ಕತ್ತರಿಸಬಾರದು ಎಂದು ಆ ಕಾಲದ ಹೆಸರಾಂತ ನರ್ತಕ-ನಟ ಫ್ರೆಡ್ ಆಸ್ಟೇರ್ ಪಟ್ಟುಹಿಡಿದದ್ದು ಸುಮ್ಮನೆ ಅಲ್ಲ.

ಪ್ರತಿ ಕುಣಿತವನ್ನೂ ಎರಡು ಸಲ ನೋಡಿ, ಮೊದಲ ಸಲ ಧ್ವನಿಯಿಲ್ಲದೆ. ಟ್ಯಾಪ್ ಸದ್ದನ್ನು ಅನೇಕ ವೇಳೆ ಚಿತ್ರೀಕರಣದ ನಂತರ ಬೇರೆಯಾಗಿ ಧ್ವನಿಮುದ್ರಿಸಿ ಜೋಡಿಸುತ್ತಿದ್ದರು. ಆದ್ದರಿಂದ ಕಿವಿಗಿಂತ ಮೊದಲು ಕಣ್ಣನ್ನು ನಂಬುವುದು ಒಳ್ಳೆಯದು. ಎರಡನೆಯ ಸಲ ಧ್ವನಿ ಹಾಕಿ, ತೊಡೆಯ ಮೇಲೆ ತಾಳ ಹಿಡಿಯಿರಿ. (ಮನೆಗೆ ತಗಡಿನ ಮಾಡು ಇದ್ದರೆ ಮಳೆ ನಿಲ್ಲುವವರೆಗೆ ಕಾಯುವುದೇ ಲೇಸು.)

1935ರ ‘ದಿ ಲಿಟಲ್ ಕರ್ನಲ್’ನಲ್ಲಿ ಐವತ್ತು ದಾಟಿದ ಟ್ಯಾಪ್ ನರ್ತಕ ಬಿಲ್ ರಾಬಿನ್ಸನ್ ಪುಟ್ಟ ಬಾಲನಟಿ ಶರ್ಲಿ ಟೆಂಪಲ್ ಜೊತೆ ಮೆಟ್ಟಿಲು ಹತ್ತುವ ಕುಣಿತದಿಂದ ಆರಂಭಿಸಬಹುದು. ಆಮೇಲೆ ‘ಬ್ರಾಡ್‌ವೇ ಮೆಲಡಿ ಆಫ್ 1940’ರಲ್ಲಿ ಎಲಿನಾರ್ ಪೊವೆಲ್ ಮತ್ತು ಆಸ್ಟೇರ್ ಅವರದ್ದು.

ಕೊನೆಗೆ ಉಳಿಸಿಕೊಳ್ಳಬೇಕಾದದ್ದು 1943ರ ‘ಸ್ಟಾರ್ಮಿ ವೆದರ್’ನ ನಿಕೋಲಸ್ ಸಹೋದರರನ್ನು. ಫೇಯಾರ್ಡ್ ಮತ್ತು ಹೆರಾಲ್ಡ್ ಯಾವ ನೃತ್ಯಶಾಲೆಯಲ್ಲೂ ಕಲಿತವರಲ್ಲ. ತಂದೆತಾಯಿ ವಾದ್ಯ ನುಡಿಸುತ್ತಿದ್ದ ರಂಗಮಂದಿರದಲ್ಲಿ ಕೂತು, ನೋಡಿ ಕಲಿತವರು. ವಾದ್ಯವೃಂದದ ನಡುವೆ ನೆಗೆದಾಡಿದ ಮೇಲೆ ಅವರು ದೊಡ್ಡ ಮೆಟ್ಟಿಲುಗಳನ್ನು ಇಳಿಯುವ ರೀತಿಯನ್ನು ನೋಡಿ: ಒಬ್ಬನ ತಲೆಯ ಮೇಲಿಂದ ಇನ್ನೊಬ್ಬ ಹಾರಿ, ಕೆಳಗಿನ ಮೆಟ್ಟಿಲಿನಲ್ಲಿ ಎರಡೂ ಕಾಲು ಚಾಚಿ ನೆಲಕ್ಕೆ ಅಂಟುವಂತೆ ಬೀಳುತ್ತಾನೆ, ಅಷ್ಟರಲ್ಲಿ ಹಿಂದಿನವನು ಎದ್ದು ಅವನನ್ನು ದಾಟುತ್ತಾನೆ. ಇಲ್ಲಿ ನಿಧಾನಗತಿಯಲ್ಲಿ ಗಮನಿಸಬೇಕಾದದ್ದು ಹಾರುವುದನ್ನಲ್ಲ, ಏಳುವುದನ್ನು. ಕೈ ಊರದೆ, ತೊಡೆಯ ಬಲದಿಂದಲೇ ಅವರು ಮೇಲೇಳುತ್ತಾರೆ. ತೆಂಕುತಿಟ್ಟು ಯಕ್ಷಗಾನದ ಧೀಂಗಿಣಕ್ಕೆ, ಅಂದರೆ ಸುತ್ತುತ್ತ ಹಾರುವ ಕುಣಿತಕ್ಕೆ, ಚಪ್ಪಾಳೆ ತಟ್ಟಿದವರಿಗೆ ಅದರ ಬೆಲೆಯನ್ನು ವಿವರಿಸಬೇಕಿಲ್ಲ.

ಆ ಚಿತ್ರದ ಪಾತ್ರವರ್ಗವೆಲ್ಲ ಕಪ್ಪುವರ್ಣೀಯರದು. ಉಳಿದ ಹಲವು ಚಿತ್ರಗಳಲ್ಲಿ ಕಪ್ಪು ಕಲಾವಿದರ ಕುಣಿತವನ್ನು ಕಥೆಗೆ ಅಂಟಿಸದೆ ಬಿಡಿಯಾಗಿಯೇ ಇಡುತ್ತಿದ್ದುದಕ್ಕೆ ಕಾರಣವಿತ್ತು: ವರ್ಣಭೇದ ಪಾಲಿಸುತ್ತಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಚಿತ್ರಮಂದಿರಗಳು ಅದನ್ನು ಕತ್ತರಿಸಿ ತೆಗೆದರೂ ಕಥೆಗೆ ಪೆಟ್ಟಾಗಬಾರದಿತ್ತು. ಇದನ್ನು ಪರೀಕ್ಷಿಸಲು 1940ರ ‘ಡೌನ್ ಅರ್ಜೆಂಟೀನ್ ವೇ’ಯಲ್ಲಿ ಇದೇ ಸಹೋದರರ ಕುಣಿತಕ್ಕೆ ಮುಂಚಿನ ಹಾಗೂ ನಂತರದ ದೃಶ್ಯಗಳನ್ನು ಬೆನ್ನುಬೆನ್ನಿಗೆ ಹಾಕಿ ನೋಡಿ. ಮರುದಿನ, 1948ರ ‘ದಿ ಪೈರೇಟ್’ನಲ್ಲಿ ನಾಯಕ ಜೀನ್ ಕೆಲಿ ಅವರಿಬ್ಬರ ಜೊತೆ ಸೇರಿ ಕುಣಿಯುವ ಭಾಗವನ್ನು ನೋಡಿ.