ಅರೋರಾ ನೋಡಲು ಊರು ಆರಿಸುವಾಗ ಮೋಡ ನೋಡಿ

ಅರೋರಾ, ಅಂದರೆ ಉತ್ತರ ಧ್ರುವದ ಕಡೆಯ ರಾತ್ರಿ ಆಕಾಶದಲ್ಲಿ ಕುಣಿಯುವ ಉತ್ತರದ ಬೆಳಕು, ನೋಡಲು ಹೊರಟಿದ್ದರೆ, ಎಷ್ಟು ಉತ್ತರಕ್ಕಿದೆ ಅಂತ ನೋಡಿ ಊರು ಆರಿಸಬೇಡಿ. ಎಲ್ಲಿ ಮೋಡ ಕಡಿಮೆ ಅಂತ ನೋಡಿ. ಈ ಬೆಳಕು ಹುಟ್ಟುವುದು ನೆಲದಿಂದ ಸುಮಾರು 100 ಕಿ.ಮೀ. ಮೇಲೆ, ಮೋಡಗಳು ಅದಕ್ಕಿಂತ ಎಷ್ಟೋ ಕೆಳಗೆ. ಮೋಡ ಕವಿದರೆ ಮೇಲೆ ಎಂಥ ಕುಣಿತ ನಡೆದರೂ ನಮಗೆ ಕಾಣುವುದಿಲ್ಲ. ಸ್ವೀಡನ್‌ನ ಅಬಿಸ್ಕೊ ಇದಕ್ಕೇ ಹೆಸರುವಾಸಿ: ಪಶ್ಚಿಮದ ಬೆಟ್ಟಗಳು ಅಟ್ಲಾಂಟಿಕ್‌ನ ತೇವವನ್ನು ತಡೆಯುತ್ತವೆ, ಹಾಗಾಗಿ ಆಕಾಶ ತಿಳಿಯಾಗಿರುವುದು ಜಾಸ್ತಿ. ನಾರ್ವೆಯ ಟ್ರೋಮ್ಸೊ ಚೆಂದದ ಊರೇ, ಆದರೆ ಕರಾವಳಿ ಅಲ್ವಾ, ಮೋಡದ ಕಾಟ ಇದ್ದೇ ಇದೆ. ಅಲ್ಲಿಗೇ ಹೋಗುವುದಾದರೆ ಒಳನಾಡಿಗೆ, ಫಿನ್ಲೆಂಡ್ ಗಡಿಯ ಕಡೆಗೆ, ಕಾರಿನಲ್ಲಿ ಹೋಗುವಂತೆ ಯೋಜನೆ ಮಾಡಿಕೊಳ್ಳಿ. ತೀರಾ ಉತ್ತರಕ್ಕೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳವರೆಗೆ ಹೋದರೆ ಅರೋರಾ ಹೆಚ್ಚಾಗಿ ಕಾಣುವ ಮುಖ್ಯ ಪಟ್ಟಿಯನ್ನೇ ದಾಟಿರುತ್ತೀರಿ. ರಾತ್ರಿ ಹೊತ್ತು ಅದು ಹೆಚ್ಚಾಗಿ ದಕ್ಷಿಣಕ್ಕೇ ಇರುತ್ತದೆ. ಬೇಸಿಗೆಯಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಜೂನ್, ಜುಲೈನಲ್ಲಿ ಅಲ್ಲಿ ಕತ್ತಲೇ ಆಗುವುದಿಲ್ಲ, ಆಕಾಶ ತಿಳಿಯಾಗಿದ್ದರೂ ಸುಮ್ನೆ. ಅರೋರಾ ಹುಟ್ಟಿಸುವ ಸೂರ್ಯನ ಚಟುವಟಿಕೆ ಕಡಿಮೆ ಇರುವ ರಾತ್ರಿಯೂ ಅಷ್ಟೇ, ಮೋಡವಿಲ್ಲದಿದ್ದರೂ ಮಸುಕು ಹಸಿರು ಗೆರೆಯಷ್ಟೇ ಸಿಗಬಹುದು. ಒಂದೇ ರಾತ್ರಿಗೆ ಹೋಗಬೇಡಿ, ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ.