ನ್ಯೂಯಾರ್ಕ್ ಕಿರ್ಗಿಸ್ತಾನಕ್ಕೆ ಹೋಗಿತ್ತು

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಹಾರೋಕೆ ಎಷ್ಟು ಹೊತ್ತು ಬೇಕು ಅಂತ ಎಕ್ಸೆಲ್‌ನಲ್ಲಿ ನಾನೇ ಲೆಕ್ಕ ಹಾಕಲು ಕೂತಿದ್ದೆ. ಪ್ರಯೋಗಕ್ಕೆ ಹಿಡಿದದ್ದು ಲಂಡನ್ನಿನ ಹೀಥ್ರೂ ಮತ್ತು ನ್ಯೂಯಾರ್ಕಿನ ಜೆಎಫ್‌ಕೆ.

ಮೊದಲು ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವನ್ನೇ ಹಚ್ಚಿದೆ. ಅಕ್ಷಾಂಶಕ್ಕೂ ರೇಖಾಂಶಕ್ಕೂ ಒಂದು ಡಿಗ್ರಿಗೆ 111 ಕಿ.ಮೀ. ಅಂತ ಹಿಡಿದರೆ ದೂರ 8,200 ಕಿ.ಮೀ. ದಾಟಿತು! ರೇಖಾಂಶದ ಡಿಗ್ರಿ ಅಷ್ಟು ಅಗಲ ಇರುವುದು ಸಮಭಾಜಕದ ಮೇಲೆ ಮಾತ್ರ. ಹೀಥ್ರೂ ಇರುವಷ್ಟು ಉತ್ತರಕ್ಕೆ ಹೋದರೆ ಅದು 69 ಕಿ.ಮೀ.ಗೆ ಇಳಿದಿರುತ್ತದೆ.

ಸರಿ, ಗುಂಡಗಿನ ಭೂಮಿಯ ಮೇಲಿನ ದೂರ ಹೇಳುವ ಹ್ಯಾವರ್‌ಸೈನ್ ಸೂತ್ರಕ್ಕೆ ಬಂದೆ. ಭೂಮಿಯ ತ್ರಿಜ್ಯ 6,371 ಕಿ.ಮೀ. ಡಿಗ್ರಿಗಳನ್ನು ರೇಡಿಯನ್‌ಗೆ (ಎಕ್ಸೆಲ್ ಕೋನಗಳನ್ನು ಅಳೆಯುವ ಮಾನ) ಬದಲಿಸಲೇಬೇಕು, ಇಲ್ಲದಿದ್ದರೆ ಉತ್ತರ ಕಸ. ಈ ಸಲ 5,600 ಬಂತು. ಬರಬೇಕಾದದ್ದು ಸುಮಾರು 5,540. ಅರವತ್ತು ಕಿ.ಮೀ. ತಾನೇ, ಭೂಮಿ ಪೂರ್ತಿ ಗುಂಡಗಿಲ್ಲವಲ್ಲ ಅಂತ ಸುಮ್ನಾದೆ.

ಅಲ್ಲೇ ಮೋಸ ಹೋದದ್ದು. ಮುಂದಿನ ಜೋಡಿ ಜೆಎಫ್‌ಕೆ–ಲಾಸ್ ಏಂಜಲೀಸ್. ಸುಮಾರು 3,970 ಬರಬೇಕಾದ ಕಡೆ 11,600 ಅಂತ ತೋರಿಸಿತು. ಸೂತ್ರವನ್ನು ನಾಲ್ಕು ಸಲ ತಿದ್ದಿದೆ, ಊಹೂಂ. ಕೊನೆಗೆ ಕಣ್ಣಿಗೆ ಬಿದ್ದದ್ದು ಜೆಎಫ್‌ಕೆ ರೇಖಾಂಶ: -73.78 ಇರಬೇಕಾದಲ್ಲಿ 73.78 ಅಂತ ಹಾಕಿದ್ದೆ. ಮೈನಸ್ ಅಂದರೆ ಪಶ್ಚಿಮ. ಅದು ಬಿಟ್ಟುಹೋಗಿ ನನ್ನ ನ್ಯೂಯಾರ್ಕ್ ಕಿರ್ಗಿಸ್ತಾನದಲ್ಲಿ ಕೂತಿತ್ತು! ಹೀಥ್ರೂ ಸೊನ್ನೆ ರೇಖಾಂಶದ ಪಕ್ಕದಲ್ಲೇ ಇದೆ. ಅಲ್ಲಿಂದ ಎಡಕ್ಕೆ ಅಳೆದರೂ ಬಲಕ್ಕೆ ಅಳೆದರೂ ಹೆಚ್ಚುಕಡಿಮೆ ಅಷ್ಟೇ, ಅಲ್ವಾ? ಅದಕ್ಕೇ ತಪ್ಪು ಅಡಗಿಕೊಂಡಿತ್ತು. ಈಗ ಹೊಸ ಹಾಳೆ ಮಾಡಿದಾಗಲೆಲ್ಲ ಎರಡೂ ನಿಲ್ದಾಣ ಗ್ರೀನಿಚ್‌ನಿಂದ, ಅಂದರೆ ಆ ಸೊನ್ನೆ ರೇಖಾಂಶದಿಂದ, ದೂರ ಇರುವ ಜೋಡಿಯಿಂದಲೇ ಶುರು ಮಾಡುತ್ತೇನೆ.

ಸಮಯದ ಲೆಕ್ಕಕ್ಕೆ ಗಂಟೆಗೆ 900 ಕಿ.ಮೀ. ವೇಗ ಹಿಡಿದೆ. 5,540ಕ್ಕೆ 6 ಗಂಟೆ 9 ನಿಮಿಷ. ಏರುವುದು, ಇಳಿಯುವುದು, ರನ್‌ವೇವರೆಗೆ ಉರುಳುವುದು ಅಂತ ಅರ್ಧ ಗಂಟೆ ಸೇರಿಸಿದೆ. ಆದರೆ ವೇಳಾಪಟ್ಟಿ ನೋಡಿದರೆ ಲಂಡನ್ ಕಡೆಗೆ ಸುಮಾರು 7 ಗಂಟೆ, ನ್ಯೂಯಾರ್ಕ್ ಕಡೆಗೆ ಸುಮಾರು 8. ಜೆಟ್ ಸ್ಟ್ರೀಮ್ ಅನ್ನುವ, ತುಂಬ ಎತ್ತರದ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗಿದ್ದಾಗ ಒಂದು ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಟ್ಟಿತ್ತು. ಹಾಗಾಗಿ ನನ್ನ ಹಾಳೆಯಲ್ಲಿ ಹೋಗುವುದಕ್ಕೊಂದು, ಬರುವುದಕ್ಕೊಂದು ವೇಗದ ಕಾಲಂ ಇದೆ.

ಸ್ಥಳೀಯ ಸಮಯವನ್ನು ನೇರ ಕಳೆಯಲು ಹೋಗಬೇಡಿ. ಲಂಡನ್ ಬಿಟ್ಟದ್ದು ಬೆಳಿಗ್ಗೆ 11ಕ್ಕೆ, ನ್ಯೂಯಾರ್ಕ್ ತಲುಪಿದ್ದು ಮಧ್ಯಾಹ್ನ 2ಕ್ಕೆ ಅಂದರೆ ಮೂರು ಗಂಟೆ ಪಯಣವಲ್ಲ, ಎಂಟು. ಎರಡೂ ಊರಿಗೆ ಐದು ಗಂಟೆ ವ್ಯತ್ಯಾಸ. ಆ ಐದನ್ನೂ ನಾನು ಸೂತ್ರದೊಳಗೆ ಗಟ್ಟಿಯಾಗಿ ಕೂರಿಸಿದ್ದೆ. ಬೇಸಿಗೆಗೆಂದು ಅಮೆರಿಕ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ದಿನಗಳಲ್ಲಿ ವ್ಯತ್ಯಾಸ ನಾಲ್ಕೇ ಗಂಟೆ. ಆ ವಾರಗಳ ಸಾಲುಗಳೆಲ್ಲ ಒಂದು ಗಂಟೆ ತಪ್ಪಿದ್ದವು. ಈಗ ಎರಡೂ ಸಮಯವನ್ನು ಮೊದಲು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಸಮಯ) ತಂದು, ಆಮೇಲೆ ಕಳೆಯುತ್ತೇನೆ.